ಪಾಗಾದ ಗೋಡೆ ಕೆಡವಿದ ವರ್ಷ

ನಾನು ಮದುವೆಯಾಗಿ ಬೆಟಗೇರಿಯಿಂದ ಆ ಊರಿಗೆ ಹೋದ ದಿನ, ಆರತಿ ಎತ್ತಿ ಒಳಗೆ ಕರೆದುಕೊಂಡು ಶಾಸ್ತ್ರವೆಲ್ಲ ಮುಗಿದ ಮೇಲೆ, ಅತ್ತೆ ನನ್ನ ಕೈಗೆ ಕೊಟ್ಟ ಮೊದಲ ವಸ್ತುವೆಂದರೆ ಒಂದು ಹಿತ್ತಾಳೆಯ ಚರಿಗೆ. ಕಂಠದವರೆಗೂ ನೀರು ತುಂಬಿತ್ತು. ದೇವರ ಮುಂದೆ ಇಡುವುದಿರಬೇಕೆಂದು ದೇವರ ಕೋಣೆಯ ಕಡೆ ಹೊರಟೆ. ಅತ್ತೆ ಸೆರಗು ಹಿಡಿದು ಜಗ್ಗಿದರು.

"ಅಲ್ಲೆಲ್ಲಿ ಹೊಂಟಿ ನಮ್ಮವ್ವ? ಈ ಕಡೆ ಬಾ. ಪಾಗಾಕ್ಕ ಹೋಗೂಣು. ತಡ ಆತಂದ್ರ ಚಲೋ ಜಾಗಾ ಸಿಗೂದಿಲ್ಲ."

ಊರಿನ ಹೆಸರು ಹೇಳುವುದಿಲ್ಲ. ಗದಗಿನಿಂದ ಲಕ್ಷ್ಮೇಶ್ವರದ ಕಡೆ ಹೋಗುವ ಬಸ್ಸು ಆ ಊರಿನಲ್ಲಿ ನಿಂತು ಹೋಗುತ್ತಿತ್ತು, ಶಿರಹಟ್ಟಿ ಅಲ್ಲಿಂದ ದೂರವಿರಲಿಲ್ಲ. ಇಷ್ಟು ಸಾಕು. ಈ ಕಥೆಯಲ್ಲಿ ಬರುವ ಹೆಂಗಸರ ಮೊಮ್ಮಕ್ಕಳು ಈಗ ದೊಡ್ಡ ದೊಡ್ಡ ಹುದ್ದೆಯಲ್ಲಿದ್ದಾರೆ, ಅವರ ಮರ್ಯಾದೆ ಯಾಕೆ ಕಳೆಯಲಿ.

ಪಾಗಾ ಎಂದರೆ ಕುದುರೆ ಲಾಯ. ನಮ್ಮೂರು ಆಗಿನ್ನೂ ಸಂಸ್ಥಾನಕ್ಕೆ ಸೇರಿದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತಾದರೂ ನಮಗೆ ರಾಜರು ಉಳಿದಿದ್ದರು. ಅವರ ಯಾವನೋ ಅಧಿಕಾರಿ ಹಿಂದೊಂದು ಕಾಲದಲ್ಲಿ ಪೇಟೆಯ ನಟ್ಟನಡುವೆ ಕುದುರೆ ಕಟ್ಟಲು ಈ ಪಾಗಾ ಕಟ್ಟಿಸಿದ್ದನಂತೆ. ಅಧಿಕಾರಿ ಹೋದ, ಕುದುರೆ ಹೋದವು, ಮಾಳಿಗೆ ಬಿತ್ತು. ಬಿದ್ದ ತೊಲೆ ಕಂಬಗಳನ್ನು ಊರವರು ಹೊತ್ತುಕೊಂಡು ಹೋಗಿ ತಮ್ಮ ಮನೆಗಳಿಗೆ ಹಾಕಿಕೊಂಡರು. ನಮ್ಮ ಪಡಸಾಲೆಯ ಒಂದು ಕಂಬದಲ್ಲೂ ಕುದುರೆ ಕಟ್ಟುವ ಕಬ್ಬಿಣದ ಬಳೆಯಿತ್ತು, ಮಾವನವರು ಅದಕ್ಕೆ ಕೊಡೆ ಸಿಗಿಸುತ್ತಿದ್ದರು. ಆ ಕಂಬ ಎಲ್ಲಿಂದ ಬಂತೆಂದು ಕೇಳಿದರೆ, "ಹಿರೇರ ಕಾಲದ್ದು" ಎನ್ನುತ್ತಿದ್ದರು.

ಉಳಿದದ್ದು ಎದೆಮಟ್ಟದ ಕಲ್ಲುಗೋಡೆ. ಅದರೊಳಗೆ ಜಾಲಿ, ಎಕ್ಕೆ, ಉತ್ತರಾಣಿ. ಒಂದು ಕಡೆ ಅರಿವೆ-ಬಟ್ಟೆ ಅಂಗಡಿಗಳ ಸಾಲು, ಇನ್ನೊಂದು ಕಡೆ ಕಾಯಿಪಲ್ಲೆಯ ಸಂತೆ ಕೂಡುವ ಬಯಲು, ಹಿಂದೆ ನಮ್ಮ ಓಣಿಗಳು. ಹಗಲು ಹೊತ್ತಿನಲ್ಲಿ ಅದು ಹಂದಿಗಳದ್ದು, ನಸುಕಿಗೆ ಮತ್ತು ಮುಸ್ಸಂಜೆಗೆ ನಮ್ಮದು. ಆ ಹೊತ್ತಿನಲ್ಲಿ ಯಾವ ಗಂಡಸೂ ಅತ್ತ ಹಾಯುತ್ತಿರಲಿಲ್ಲ. ಹಾಯಲೇಬೇಕಾದರೆ ದೂರದಿಂದಲೇ ಕೆಮ್ಮುತ್ತ, ಇನ್ನೊಂದು ದಿಕ್ಕಿಗೆ ಮುಖ ಮಾಡಿಕೊಂಡು, ಕುರುಡರಂತೆ ಗೋಡೆ ಸವರಿಕೊಂಡು ಹೋಗುತ್ತಿದ್ದರು. ಒಮ್ಮೆ ಹಾಗೆ ಹೋಗುತ್ತಿದ್ದ ಶಾಲಾ ಮಾಸ್ತರರೊಬ್ಬರು ಎಮ್ಮೆಗೆ ಢಿಕ್ಕಿ ಹೊಡೆದು ಅದಕ್ಕೆ ನಮಸ್ಕಾರ ಹೇಳಿದರು. ಆ ಮಾಸ್ತರರು ನನ್ನ ಗಂಡ.

ನನಗೆ ಮೊದಲ ಕೆಲವು ದಿನ ಬಹಳ ನಾಚಿಕೆ. ಒಂದು ಎಕ್ಕೆ ಗಿಡದ ಮರೆ ಹುಡುಕಿಕೊಂಡು ದೂರ ಕೂಡುತ್ತಿದ್ದೆ. ಎದುರು ಮನೆಯ ಆಯಿ ಅಲ್ಲಿಂದಲೇ ಕೂಗುತ್ತಿದ್ದಳು: "ಬೆಟಗೇರಿ ಹುಡುಗಿ, ಅಷ್ಟ ದೂರ ಕುಂತ್ರ ಸುದ್ದಿ ಹ್ಯಾಂಗ ಕೇಳಸ್ತೈತಿ ನಿನಗ?" ಆಯಿ ಅತ್ತೆಗಿಂತಲೂ ಹಿರಿಯಳು. ಕಿವಿ ಮಂದ, ಮೊಣಕಾಲು ನೋವು, ಹೀಗಾಗಿ ಗೋಡೆಯ ಮಗ್ಗುಲಿನ ಒಂದು ಕಲ್ಲಿನ ಆಸರೆ ಆಕೆಗೆ ಕಾಯಂ ಆಗಿತ್ತು. ಬೇರೆ ಯಾರೂ ಅಲ್ಲಿ ಕೂಡುವ ಧೈರ್ಯ ಮಾಡುತ್ತಿರಲಿಲ್ಲ.

ಸುದ್ದಿ ಎಂದರೆ ಅಲ್ಲಿಯದೇ ಸುದ್ದಿ. ಯಾರ ಮನೆಯ ಸೊಸೆ ತವರಿಗೆ ಹೋಗಿ ಬರಲಿಲ್ಲ, ಯಾರ ಎಮ್ಮೆ ಕರು ಹಾಕಿತು, ಯಾವ ಅಂಗಡಿಯವನು ಹತ್ತಿಕಾಳಿನ ಎಣ್ಣೆ ಬೆರೆಸುತ್ತಾನೆ, ಎಲ್ಲವೂ ಅಲ್ಲಿ ಇತ್ಯರ್ಥವಾಗುತ್ತಿತ್ತು. ನಮ್ಮ ಸಂಸ್ಥಾನ ಮುಗಿದು ಊರು ಮುಂಬಯಿ ಪ್ರಾಂತಕ್ಕೆ ಸೇರಿದ ಸುದ್ದಿಯನ್ನು ನಾನು ಕೇಳಿದ್ದೂ ಅಲ್ಲಿಯೇ, ಎಕ್ಕೆ ಗಿಡದ ಮರೆಯಲ್ಲಿ ಕುಳಿತು.

"ನಾವು ಈಗ ಮುಂಬಯಿಯವ್ರಂತ," ಎಂದಳು ಒಬ್ಬಳು.

"ಹಂಗಂದ್ರ ಈ ಜಾಗಾ ಯಾರ್ದಾತು?" ಎಂದು ಅತ್ತೆ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆಯಿ ಮಾತ್ರ, "ಯಾರದರ ಆಗ್ಲಿ, ಮುಂಬಯಿಂದ ಯಾರೂ ಇಲ್ಲಿಗಿ ಕುಂಡ್ರಾಕ ಬರೂದಿಲ್ಲ" ಎಂದು ಚರಿಗೆ ಬೋರಲು ಹಾಕಿದಳು.

ಏಳೆಂಟು ವರ್ಷ ಹಾಗೆಯೇ ಹೋಯಿತು. ನನಗೆ ಎರಡು ಮಕ್ಕಳಾದವು. ಎಕ್ಕೆ ಗಿಡದ ಮರೆ ಬಿಟ್ಟು ನಾನೂ ನಡುವೆ ಬಂದು ಕೂಡುವಷ್ಟು ಹಳಬಳಾದೆ.

ಈಗ ಮಾವನವರ ಬಗ್ಗೆ ಹೇಳಬೇಕು. ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಚಳವಳಿಯ ಕಾಲದಲ್ಲಿ ಸ್ವಲ್ಪ ದಿನ ಸೆರೆಮನೆಯಲ್ಲಿದ್ದು ಬಂದವರು. ಬಂದ ಮೇಲೆ ಅಂಗಡಿಯಲ್ಲಿ ಮಿಲ್ಲಿನ ಅರಿವೆ ಮಾರುತ್ತ, ಮೈಮೇಲೆ ಖಾದಿ ಹಾಕಿಕೊಳ್ಳುತ್ತಿದ್ದರು. ಒಳ್ಳೆಯವರು, ಯಾರಿಗೂ ಕೆಟ್ಟದ್ದು ಬಗೆದವರಲ್ಲ. ಆದರೆ ಭಾಷಣದ ಹುಚ್ಚು. ಸೊಸೆ ಒಂದು ತಂಬಿಗೆ ನೀರು ತಂದು ಕೊಟ್ಟರೂ ಅದರ ಮೇಲೆ ನಾಲ್ಕು ಮಾತಾಡುವವರು. ಕರ್ನಾಟಕದ ಏಕೀಕರಣವಾಗುತ್ತದೆ ಎಂಬ ಮಾತು ಗಟ್ಟಿಯಾದ ವರ್ಷ ಅವರು ಊರ ಕಮಿಟಿಯ ಮುಖ್ಯಸ್ಥರಾದರು. ಆದ ಮರುದಿನವೇ ಊಟಕ್ಕೆ ಕುಳಿತವರು ಘೋಷಿಸಿದರು:

"ನಾಡು ಒಂದಾಗೂ ಹೊತ್ತಿನ್ಯಾಗ ನಮ್ಮೂರ ನಡುವ ಆ ಹಾಳು ಪಾಗಾ ಇರಬಾರದು. ಅದನ್ನ ತಗಿಸಿ ಒಂದು ಸಭಾಭವನ ಕಟ್ಟಸ್ತೀನಿ. ಮುಂದ ಹೂವಿನ ತ್ವಾಟ, ನಡುವ ಕಾರಂಜಿ, ಅದರಾಚೆ ಧ್ವಜದ ಕಂಬ."

ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ಮತ್ತ ನಾವು?"

"ನೀವೂ ಬರ್ರಿ. ಹೆಣ್ಮಕ್ಕಳೂ ಭಾಷಣಾ ಕೇಳಬೇಕು."

"ಭಾಷಣದ ಮಾತಲ್ರಿ ನಾ ಆಡಿದ್ದು. ಮುಂಜಾನಿ ಸಂಜಿ ನಾವೆಲ್ಲಿ ಕುಂಡ್ರೂದು?"

ಮಾವನವರ ಮುಖ ಕೆಂಪಾಯಿತು. ಸೊಸೆ ನಾನು ಎದುರಿಗಿದ್ದೇನೆ, ಮಗ ಮಗ್ಗುಲಲ್ಲಿ ಊಟಕ್ಕೆ ಕುಳಿತಿದ್ದಾನೆ. ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ, "ಅದರದೂ ವಿಚಾರ ಮಾಡೂಣು" ಎಂದರು. ದೇಶದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯನಿಗೆ ಅದೊಂದು ಶಬ್ದ ಬಾಯಿಗೆ ಬರುತ್ತಿರಲಿಲ್ಲ.

ವಿಚಾರ ಮಾಡಿದ್ದು ನಿಜ. ಕಮಿಟಿಯ ಸಭೆಯಲ್ಲಿ ಅವರು ಎದ್ದು ನಿಂತು, ಹೆಣ್ಣುಮಕ್ಕಳಿಗೆ ಕೂಡ್ರಲು ಪ್ರತ್ಯೇಕ ಸ್ಥಳ ಬೇಕು, ಮರೆ ಇರಬೇಕು ಎಂದು ಹೇಳಿದರಂತೆ. ಸದಸ್ಯರೆಲ್ಲ ಗಂಡಸರು, ಎಲ್ಲರ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು, ಹೀಗಾಗಿ ಎಲ್ಲರಿಗೂ ಅರ್ಥವಾಯಿತು. ಅರ್ಥವಾಗದೆ ಹೋದದ್ದು ಧಾರವಾಡದ ಕಡೆಯಿಂದ ಬಂದಿದ್ದ ಓವರ್ಸಿಯರನಿಗೆ. ಆತ ತರುಣ, ಕಚೇರಿಯ ಕೆಲಸದಲ್ಲಿ ಶ್ರದ್ಧೆಯುಳ್ಳವನು. ಹೇಳಿದಂತೆಯೇ ನಕಾಶೆ ಬರೆದು ತಂದ. ಮಾವನವರು ಅದನ್ನು ಮನೆಗೆ ತಂದು ಪಡಸಾಲೆಯಲ್ಲಿ ಹಾಸಿದರು. ಭವನದ ಒಳಗೆ ಹಿಂಭಾಗದಲ್ಲಿ ಅಟ್ಟದಂತೆ ಒಂದು ಮಾಳಿಗೆ, ಅದಕ್ಕೆ ಕಟ್ಟಿಗೆಯ ಜಾಲರಿ.

"ಇದೇನ್ರಿ?" ಎಂದು ಅತ್ತೆ ಕೇಳಿದರು.

ಮಾವನವರು ಕೊಡೆಯ ಕಡೆ ನೋಡಿದರು. ನನ್ನ ಗಂಡ ಮೆಲ್ಲಗೆ, "ಹೆಣ್ಮಕ್ಕಳು ಕುಂಡ್ರೂ ಜಾಗಾ" ಎಂದು ಓದಿದರು.

ಅತ್ತೆ ಬಹಳ ಹೊತ್ತು ನಕಾಶೆ ನೋಡಿದರು. ಆಮೇಲೆ ಕೇಳಿದರು: "ನಾವೆಲ್ಲಾರೂ ಈ ಮಾಳಿಗಿ ಮ್ಯಾಲ ಕುಂತ್ರ, ಕೆಳಗ ಭಾಷಣಾ ಕೇಳಾವ್ರ ಗತಿ ಏನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದೆ. ಮಾವನವರು ನಕಾಶೆ ಸುತ್ತಿಕೊಂಡು ಅಂಗಡಿಗೆ ಹೊರಟೇಬಿಟ್ಟರು.

ಗೋಡೆ ಕೆಡವಿದ್ದು ಅದಾದ ಮೇಲೆ. ಹಗಲೆಲ್ಲ ಜಾಲಿ ಕಡಿಯುವ ಸಪ್ಪಳ, ಕಲ್ಲು ಉರುಳುವ ಸಪ್ಪಳ ಕೇಳಿದ್ದೆವು. ಆದರೆ ಸಂಜೆ ಚರಿಗೆ ಹಿಡಿದು ಹೋಗಿ ನೋಡಿದಾಗಲೇ ತಿಳಿದದ್ದು ಏನಾಗಿದೆ ಎಂಬುದು. ಅಂಗೈಯಂತೆ ಬಯಲು. ಅರಿವೆ ಅಂಗಡಿಯ ಕಟ್ಟೆಯ ಮೇಲೆ ಕುಳಿತವರ ಹಲ್ಲು ಕಾಣುತ್ತಿದ್ದವು. ಹೆಂಗಸರೆಲ್ಲ ಬಯಲಿನ ಅಂಚಿನಲ್ಲಿ ನಿಂತುಬಿಟ್ಟರು. ಆಯಿ ತನ್ನ ಕಲ್ಲು ಹುಡುಕುತ್ತ ಸ್ವಲ್ಪ ದೂರ ಹೋಗಿ, ಅದನ್ನೂ ಒಯ್ದಿದ್ದಾರೆಂದು ತಿಳಿದು, ನಡುಬಯಲಿನಲ್ಲಿ ನಿಂತು ಗೋಡೆ ಕೆಡವಿದವರ ಏಳು ತಲೆಮಾರನ್ನು ಎಬ್ಬಿಸಿದಳು. ಅದರಲ್ಲಿ ನಮ್ಮ ಮಾವನವರ ತಲೆಮಾರುಗಳೂ ಇದ್ದವು. ಅತ್ತೆ ಅಡ್ಡ ಮಾತಾಡಲಿಲ್ಲ.

ಆ ದಿನದಿಂದ ಊರ ಹೊರಗೆ ಹೋಗುವುದು ಶುರುವಾಯಿತು. ಬಸ್ಸು ನಿಲ್ಲುವ ಜಾಗ ದಾಟಿ, ಹತ್ತಿ ಹೊಲದ ಬದುವಿನವರೆಗೆ. ದೂರ ಕಪ್ಪತಗುಡ್ಡ ನೀಲಿಯಾಗಿ ಕಾಣುತ್ತಿತ್ತು, ನೋಡುವ ಪುರಸೊತ್ತು ಯಾರಿಗಿತ್ತು. ಅಷ್ಟರಲ್ಲಿ ಗದಗಿನ ಕೊನೆಯ ಬಸ್ಸು ಬರುವುದು, ಅದರ ದೀಪ ನಮ್ಮ ಮೇಲೆ ಬೀಳುವುದು, ಸಾಲಾಗಿ ಎಲ್ಲರೂ ಎದ್ದು ನಿಲ್ಲುವುದು, ಬಸ್ಸು ಹೋದ ಮೇಲೆ ಮತ್ತೆ ಕೂಡುವುದು. ಗಣ್ಯರು ಬಂದಾಗ ಶಾಲೆಯ ಹುಡುಗರು ಏಳುವ ಹಾಗೆ. ಆಯಿಯ ಮೊಣಕಾಲಿಗೆ ಅಷ್ಟು ದೂರ ಆಗುತ್ತಿರಲಿಲ್ಲ. ಆಕೆ ಊಟವನ್ನೇ ಕಡಿಮೆ ಮಾಡಿದಳು. ಸಂಜೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಅದು ತಿಳಿದ ದಿನ ಅತ್ತೆ ನಗುವುದನ್ನು ಬಿಟ್ಟರು.

ಅಡಿಗಲ್ಲು ಇಡುವ ದಿನ ಗೊತ್ತಾಯಿತು. ಧಾರವಾಡದಿಂದ ದೊಡ್ಡವರೊಬ್ಬರು ಬರುವವರಿದ್ದರು. ಅತ್ತೆ ಓಣಿಯ ಹೆಂಗಸರನ್ನು ನಮ್ಮ ಹಿತ್ತಿಲಿನಲ್ಲಿ ಕೂಡಿಸಿದರು.

"ನಮ್ಮ ಗಂಡಸ್ರ ಬಾಯಾಗ ಆ ಮಾತು ಬರೂದಿಲ್ಲ. ನಮ್ಮ ಬಾಯಾಗೂ ಮಂದಿ ಮುಂದ ಬರೂದಿಲ್ಲ. ಅದಕ್ಕ ಯಾರೂ ಮಾತಾಡೂದ ಬ್ಯಾಡ. ಒಬ್ಬೊಬ್ಬರು ಒಂದೊಂದು ಚರಿಗಿ ಹಿಡ್ಕೊಂಡು ಸಾಲಾಗಿ ನಿಲ್ಲೂಣು. ದೊಡ್ಡ ಮನಿಶ್ಯಾ ಅದಾನ, ತಿಳ್ಕೋತಾನ."

ಒಳ್ಳೆಯ ಉಪಾಯ. ಚರಿಗೆ ಹಿಡಿದ ಹೆಂಗಸು ಎಲ್ಲಿಗೆ ಹೊರಟಿದ್ದಾಳೆಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಉಪಾಯ ಕೆಟ್ಟದ್ದು ನಮ್ಮ ಡೌಲಿನಿಂದ. ದೊಡ್ಡವರ ಮುಂದೆ ಮಾಸಿದ ಚರಿಗೆ ಹಿಡಿದರೆ ಚಂದ ಕಾಣುವುದಿಲ್ಲವೆಂದು ಎಲ್ಲರೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಕೊಂಡು ಬಂದರು. ಮದುವೆಯ ಇಳಕಲ್ಲ ಸೀರೆ ಉಟ್ಟುಕೊಂಡರು. ಒಬ್ಬಳಂತೂ ತೊಳೆದ ಪಾತ್ರೆಗೆ ಕುಂಕುಮ ಹಚ್ಚುವ ರೂಢಿಯಲ್ಲಿ ಚರಿಗೆಗೂ ಹಚ್ಚಿದ್ದಳು.

ಕಾರಿನಿಂದ ಇಳಿದ ದೊಡ್ಡವರು ಬಿಸಿಲಿನಲ್ಲಿ ಹೊಳೆಯುವ ಆ ಸಾಲನ್ನು ನೋಡಿ ಅಲ್ಲೇ ನಿಂತರು. ಎರಡೂ ಕೈ ಎತ್ತಿ ಮುಗಿದರು. ಮಾವನವರ ಕಡೆ ತಿರುಗಿ, "ಪೂರ್ಣಕುಂಭದ ಸ್ವಾಗತ! ಇಷ್ಟೆಲ್ಲ ಯಾಕೆ ಮಾಡಿಸಿದಿರಿ?" ಎಂದರು. ದೊಡ್ಡವರು ಒಂದೊಂದು ಚರಿಗೆಗೂ ಕೈ ಮುಗಿಯುತ್ತ ಬಂದರು. ಸಾಲಿನ ತುದಿಯಲ್ಲಿ, ಮೈಕಿನ ಪಕ್ಕದಲ್ಲೇ, ಆಯಿ ನಿಂತಿದ್ದಳು.

"ತಾಯಿ, ಇದು ತುಂಗಭದ್ರೆಯ ನೀರೇನು?" ಎಂದು ಕೇಳಿದರು.

ಆಯಿಗೆ ಕೇಳಿಸಲಿಲ್ಲ. ದೊಡ್ಡವರು ಏನೋ ಕೇಳಿದರೆ ಇಲ್ಲ ಎನ್ನಬಾರದೆಂದು, "ಹೂಂನ್ರೀಯಪಾ" ಎಂದಳು.

ಅವರು ಭಕ್ತಿಯಿಂದ ಬೊಗಸೆಯೊಡ್ಡಿದರು. ಆಯಿ ಸುರಿದಳು. ಮೊದಲು ಕಣ್ಣಿಗೆ ಹಚ್ಚಿಕೊಂಡರು, ಆಮೇಲೆ ಬಾಯಿಗೆ ತಂದರು.

"ಅಯ್ಯ, ಕುಡೀಬ್ಯಾಡ್ರಿ!" ಎಂದು ಅತ್ತೆ ಚೀರಿದರು.

ಅಷ್ಟರಲ್ಲಿ ನೀರು ಗಂಟಲು ದಾಟಿತ್ತು. "ಯಾಕಮ್ಮಾ?" ಎಂದರು ಅವರು. ಅತ್ತೆ ಸೆರಗು ಎಳೆದುಕೊಂಡು, ಮುಖ ಆ ಕಡೆ ತಿರುಗಿಸಿ ಹೇಳಿದರು: "ಅದು ಸಂಡಾಸಕ್ಕ ಒಯ್ಯೂ ಚರಿಗಿ ರೀ."

ಮೈಕು ಚಾಲೂ ಇತ್ತು. ಬೇವಿನ ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನೊಳಗಿಂದ ಆ ಮಾತು ಇಡೀ ಪೇಟೆಗೆ ಕೇಳಿಸಿತು. ಸಂತೆಯಲ್ಲಿ ಬದನೆಕಾಯಿ ತೂಗುತ್ತಿದ್ದವರು ತಕ್ಕಡಿ ಎತ್ತಿದ ಕೈ ಹಾಗೆಯೇ ಹಿಡಿದು ನಿಂತರಂತೆ. ದೊಡ್ಡವರು ಕುರ್ಚಿ ಹುಡುಕಿಕೊಂಡು ಕುಳಿತರು. ಬಾಯಿ ಮುಕ್ಕಳಿಸಲು ನೀರು ಕೊಡಲು ಯಾರಿಗೂ ಧೈರ್ಯವಾಗಲಿಲ್ಲ, ಎಲ್ಲಿ ನೋಡಿದರೂ ಚರಿಗೆ. ನನ್ನ ಗಂಡ ಓಡಿ ಹೋಗಿ ಗೋಲಿಸೋಡಾ ತಂದರು.

ಸೋಡಾ ಕುಡಿದ ಮೇಲೆ ಅವರು ಅತ್ತೆಯನ್ನು ಕೇಳಿದರು: "ನೀವು ಎಲ್ಲಿಗೆ ಹೋಗುತ್ತಿದ್ದಿರಿ?"

"ಈಗ ನೀವು ಕಲ್ಲ ಇಡಾಕ ಬಂದೀರಲ್ರಿ, ಇಲ್ಲೇ."

ಅವರು ಮೆಲ್ಲಗೆ ಒಂದು ಕಾಲು ಎತ್ತಿ ಚಪ್ಪಲಿಯ ಅಡಿ ನೋಡಿಕೊಂಡರು. ಅಡಿಗಲ್ಲನ್ನು ಆದಷ್ಟು ದೂರ ನಿಂತು, ಬೆರಳ ತುದಿಯಿಂದ ಮುಟ್ಟಿ ಇಟ್ಟರು. ಭಾಷಣ ಚಿಕ್ಕದಾಯಿತು. ಆದರೆ ಒಂದು ಮಾತು ಹೇಳಿದರು: ಮೊದಲು ತಾಯಂದಿರಿಗೆ ವ್ಯವಸ್ಥೆಯಾಗಲಿ, ಆಮೇಲೆ ಭವನ. ಎಲ್ಲರೂ ಚಪ್ಪಾಳೆ ಹೊಡೆದರು. ಮಾವನವರೂ ಹೊಡೆದರು. ಕಾರು ಊರು ದಾಟಿದ ಮೇಲೆ ಆ ಮಾತೂ ದಾಟಿತು. ಮರುದಿನ ಭವನದ ಪಾಯಾ ಅಗೆಯುವುದು ಶುರುವಾಯಿತು.

ಮನೆಯಲ್ಲಿ ಮಾವನವರು ಅತ್ತೆಯ ಜೊತೆ ಮಾತು ಬಿಟ್ಟರು. ಎಲ್ಲವೂ ನನ್ನ ಮೂಲಕ. "ನಿಮ್ಮ ಅತ್ತಿಗಿ ಹೇಳು, ಸಾರಿಗಿ ಉಪ್ಪ ಹೆಚ್ಚಾಗೇತಿ." ಅತ್ತೆ ಎದುರಿಗೇ ಬಡಿಸುತ್ತ ನಿಂತಿರುತ್ತಿದ್ದರು. "ನಿಮ್ಮ ಮಾವಗ ಹೇಳು, ನಾಲಿಗಿಗಿ ಉಪ್ಪ ಕಡಿಮಿ ಆಗೇತಿ ಅದಕ್ಕ." ನಾನು ಇಬ್ಬರ ನಡುವೆ ಮಜ್ಜಿಗೆ ತಂದಿಡುತ್ತಿದ್ದೆ.

ಪಾಯಾ ಚೆನ್ನಾಗಿ ಆಳವಾಗಿತ್ತು. ಸೊಂಟದ ಮಟ್ಟಕ್ಕೆ ತೋಡಿ, ಮಣ್ಣನ್ನು ಎರಡೂ ಕಡೆ ದಿಬ್ಬದಂತೆ ಒಟ್ಟಿದ್ದರು. ಒಳಗೆ ಕುಳಿತರೆ ಅಂಗಡಿಯ ಕಟ್ಟೆಯಿಂದ ತಲೆಯ ಮೇಲಿನ ಸೆರಗೂ ಕಾಣುತ್ತಿರಲಿಲ್ಲ. ಇದನ್ನು ಮೊದಲು ಕಂಡುಹಿಡಿದವಳು ಆಯಿ. ಹೊಲದ ಬದುವಿಗೆ ನಡೆಯಲಾರದೆ ಒಂದು ಮುಸ್ಸಂಜೆ ಒಬ್ಬಳೇ ಪಾಯಾಕ್ಕೆ ಇಳಿದಳು. ಮರುದಿನ ನಮಗೆ ಹೇಳಿದಳು: "ಪಾಗಾಕ್ಕಿಂತ ಚಲೋ ಐತಿ. ಗಾಳಿ ಇಲ್ಲ, ಮುಳ್ಳಿಲ್ಲ, ಎರಡೂ ಕಡಿ ಕೈ ಊರಾಕ ಆಸರಾ ಐತಿ. ಪಾಪ, ನಮ್ಮ ಸಲುವಾಗೇ ತೋಡ್ಯಾರ."

ಆ ಸಂಜೆ ಎಲ್ಲರೂ ಇಳಿದೆವು. ಹಳೆಯ ದಿನಗಳು ಮರಳಿ ಬಂದಂತಾಯಿತು. ಭವನದ ಪೂರ್ವದ ಗೋಡೆ ನಮ್ಮ ಓಣಿಗೆ, ದಕ್ಷಿಣದ್ದು ಹಿಂದಿನ ಓಣಿಗೆ ಎಂದು ತಂತಾನೇ ಪಾಲಾಯಿತು.

ಮುಂಜಾನೆ ಕಲ್ಲು ಹೂಡಲು ಬಂದ ಗೌಂಡಿ ಡೋಣಿ ಎಂಬ ಊರಿನ ಕಡೆಯವನು, ದಪ್ಪ ಮೀಸೆಯ ಗಂಭೀರ ಮನುಷ್ಯ. ನೂಲು ಹಿಡಿದು ಪಾಯಾದೊಳಗೆ ಧುಮುಕಿದ. ಇಳಿದಷ್ಟೇ ಬೇಗ ಮೇಲೆ ಬಂದ. ನೇರ ಮಾವನವರ ಅಂಗಡಿಗೆ ಹೋಗಿ ಕಟ್ಟೆಯ ಕೆಳಗೆ ನಿಂತ.

"ಒಳಗ ಬಾರಪಾ," ಎಂದರು ಮಾವ.

"ಬರಾಂಗಿಲ್ರೀ ಸಾವಕಾರ್ರ. ನನ್ನ ಕಾಲ ನೋಡ್ರಿ. ನಾ ಗುಡಿ ಕಟ್ಟೀನಿ, ಬಾವಿ ಕಟ್ಟೀನಿ, ಹಿಂತಾ ಪಾಯಾ ನೋಡಿಲ್ಲ. ಇದರ ಮ್ಯಾಲ ನಾ ಕಲ್ಲ ಹೂಡಾಂವಲ್ಲ."

ಬಳಿಸಿ ಸ್ವಚ್ಛ ಮಾಡಿಸುತ್ತೇವೆಂದರು. ಮಾಡಿಸಿದರು. ಮರುದಿನ ಮತ್ತೆ ಅದೇ. ಕಾವಲಿಗೆ ಒಬ್ಬ ಮುದುಕನನ್ನು ಇಟ್ಟರು. ಆತ ಹಳೆಯ ಕಾಲದ ಮರ್ಯಾದಸ್ಥ. ಹೆಂಗಸರು ಚರಿಗೆ ಹಿಡಿದು ಬರುವುದು ಕಂಡ ಕೂಡಲೆ ಕೆಮ್ಮಿ ಎದ್ದು ತಾನೇ ಮನೆಗೆ ಹೋಗಿಬಿಡುತ್ತಿದ್ದ. ಕಾವಲು ಇರುವ ಹೊತ್ತಿನಲ್ಲಿ ಕಾವಲಿನ ಅಗತ್ಯವಿರಲಿಲ್ಲ, ಅಗತ್ಯವಿದ್ದಾಗ ಆತ ಇರುತ್ತಿರಲಿಲ್ಲ. ಕೊನೆಗೆ ಗೌಂಡಿ ತನ್ನ ಆಳುಗಳನ್ನು ಕರೆದುಕೊಂಡು ಮುಂಡರಗಿಯಲ್ಲಿ ಬೇರೆ ಕೆಲಸ ಹಿಡಿದ. ಮಳೆ ಬಂತು. ಪಾಯಾದಲ್ಲಿ ನೀರು ನಿಂತು ಕಪ್ಪೆ ಕೂಗಿದವು. ಏಕೀಕರಣದ ದಿನ ಹತ್ತಿರವಾಗುತ್ತಿತ್ತು. ಮಾವನವರ ಭವನದ ಒಂದು ಕಲ್ಲೂ ಎದ್ದಿರಲಿಲ್ಲ. ಅವರು ಅಂಗಡಿಯಲ್ಲಿ ಸುಮ್ಮನೆ ಕೂಡುತ್ತಿದ್ದರು, ಮುಖ ಇಳಿದಿತ್ತು. ನನಗೆ ನಿಜವಾಗಿ ಕನಿಕರವಾಯಿತು.

ಒಂದು ಮಧ್ಯಾಹ್ನ ಊಟದ ನಡುವೆ ಅವರು ತಲೆಯೆತ್ತಿ ನೇರ ಅತ್ತೆಯನ್ನೇ ನೋಡಿ ಕೇಳಿದರು: "ಏನು ಬೇಕು ನಿಮಗ?"

"ನಿಮಗ ಗೊತ್ತೈತಿ."

"ಅದು... ಅದ ಬೇಕಲ್ಲ?"

"ಅದ ಅಂದ್ರ?"

ಮಾವನವರು ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಕಂಬ ನೋಡಿದರು, ಕೊಡೆ ನೋಡಿದರು. "ಸಂಡಾಸು," ಎಂದರು.

"ಹೂಂ," ಎಂದರು ಅತ್ತೆ. "ಆತು. ಇನ್ನೊಂದು ರೊಟ್ಟಿ ಹಾಕ್ಲೇನು?"

ಒಮ್ಮೆ ಬಾಯಿಗೆ ಬಂದ ಶಬ್ದ ಆಮೇಲೆ ಅವರನ್ನು ಬಿಡಲಿಲ್ಲ. ಕಮಿಟಿಯಲ್ಲಿ ಹೇಳಿದರು, ಪೇಟೆಯಲ್ಲಿ ಹೇಳಿದರು, ಬೀಗರು ಬಂದಾಗಲೂ ಅದರದೇ ಮಾತು. ಸಂಡಾಸಿಲ್ಲದ ಊರು ಊರಲ್ಲ ಎಂದು ಅವರು ಬಸ್ಸಿನಲ್ಲಿ ಅಪರಿಚಿತರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಭವನವನ್ನು ಸ್ವಲ್ಪ ಮುಂದಕ್ಕೆ ಸರಿಸಿ ಚಿಕ್ಕದು ಮಾಡಿ, ಕಾರಂಜಿಯನ್ನು ಕೈಬಿಟ್ಟು, ಹಿಂದಿನ ಪಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಸಂಡಾಸಿನ ಸಾಲು ಕಟ್ಟುವುದೆಂದು ತೀರ್ಮಾನವಾಯಿತು.

ಆಗ ಸಂತೆಯ ಬಯಲು ಗುಡಿಸುವ ಹೆಂಗಸು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಆಕೆ ಎಂದೂ ಪಾಗಾಕ್ಕೆ ಬಂದವಳಲ್ಲ, ಅವರ ಕೇರಿ ಊರಾಚೆ. ಕಟ್ಟೆಯಿಂದ ದೂರ ನಿಂತು ಅತ್ತೆಯನ್ನು ಕರೆದಳು.

"ಯವ್ವಾರ, ಬುಟ್ಟಿ ಸಂಡಾಸು ಕಟ್ಟಸ್ತಾರಂತ ಖರೇನ್ರಿ?"

"ಹೂಂ, ಹಂಗಂತಾರ."

"ಆ ಬುಟ್ಟಿ ಹೊರಾವ್ರು ಯಾರ್ರಿ? ಹಿಂದಕ ಸಂಸ್ಥಾನದ ಸಾಹೇಬನ ಮನ್ಯಾಗಿಂದ ನಮ್ಮತ್ತಿ ಹೊತ್ಲು. ತಲಿ ಮ್ಯಾಲಿಂದ ಸೋರತಿತ್ತು. ನೀವು ಬಯಲಿಗಿ ಹೋಗತಿದ್ರಿ, ಅದನ್ನ ಹಂದಿ ನೋಡ್ಕೋತಿದ್ವು. ಈಗ ನಮ್ಮನ್ನ ಹಂದಿ ಮಾಡಬ್ಯಾಡ್ರಿ."

ಇಷ್ಟು ದಿನ ಇಷ್ಟು ಮಾತಾಡಿದ್ದೆವು, ಆ ಮಾತು ನಮ್ಮಲ್ಲಿ ಒಬ್ಬಳ ಬಾಯಿಯಿಂದಲೂ ಬಂದಿರಲಿಲ್ಲ. ಆ ಸಂಜೆ ಅತ್ತೆ ಮಾವನವರಿಗೆ ಬುಟ್ಟಿ ಬೇಡ, ಆಳವಾದ ತಗ್ಗು ತೋಡಿಸಿ ಎಂದರು. ಸೆರೆಮನೆಯಲ್ಲಿದ್ದಾಗ ಒಬ್ಬರು ಅಂಥ ಸಂಡಾಸು ಮಾಡಿಸಿದ್ದನ್ನು ಮಾವನವರು ನೋಡಿದ್ದರು. ಹಾಗೆಯೇ ಆಯಿತು. ಆದರೆ ಗುಡಿಸುವವಳು ಹೋಗುವಾಗ, "ನಾವೂ ಬರಬಹುದೇನ್ರಿ ಅಲ್ಲಿಗಿ?" ಎಂದು ಕೇಳಿದ್ದಳು. ಓಣಿಯ ಹೆಂಗಸರು ಇದಕ್ಕೆ ಜಗಳ ತೆಗೆದರು. ಕೊನೆಗೆ ಸಾಲಿನ ತುದಿಯದೊಂದನ್ನು ಅವರಿಗೆಂದು ಬಿಟ್ಟರು, ಅದರ ಬಾಗಿಲು ಹಿಂದಿನ ರಸ್ತೆಗೆ. ಅತ್ತೆಗೆ ಅದು ಸರಿಯೆನಿಸಲಿಲ್ಲ, ಆದರೂ ಸುಮ್ಮನಾದರು. ನಾನೂ ಸುಮ್ಮನಾದೆ.

ಡೋಣಿಯ ಗೌಂಡಿ ಮರಳಿ ಬಂದ. ಈ ಸಾರಿ ಸಂಡಾಸು ಮೊದಲು ಮುಗಿದವು. ತಗಡಿನ ಬಾಗಿಲು, ಒಳಗೊಂದು ಚಿಲಕ. ಉದ್ಘಾಟನೆ ಯಾರ ಕೈಯಿಂದ ಮಾಡಿಸಬೇಕೆಂಬ ಚರ್ಚೆ ಕಮಿಟಿಯಲ್ಲಿ ನಡೆಯುತ್ತಲೇ ಇತ್ತು, ಯಾವ ದೊಡ್ಡವರೂ ಒಪ್ಪುತ್ತಿರಲಿಲ್ಲ. ಧಾರವಾಡದವರಂತೂ ಪತ್ರಕ್ಕೆ ಉತ್ತರವನ್ನೇ ಬರೆಯಲಿಲ್ಲ. ಅಷ್ಟರಲ್ಲಿ ಆಯಿ ಒಂದು ಮುಂಜಾನೆ ಹೋಗಿ ಕೂತು ಬಂದಳು. ಚರ್ಚೆ ಅಲ್ಲಿಗೆ ಮುಗಿಯಿತು. ಆ ದಿನದಿಂದ ಆಕೆ ರಾತ್ರಿ ಎರಡು ರೊಟ್ಟಿ ತಿನ್ನತೊಡಗಿದಳು.

ಏಕೀಕರಣದ ದಿನ ಭವನದ ಗೋಡೆ ಎದ್ದಿದ್ದವು, ಛಾವಣಿ ಇರಲಿಲ್ಲ. ಗೋಡೆಗಳ ನಡುವೆ ನೆರಳಿಗೆ ಗೋಣಿತಟ್ಟು ಕಟ್ಟಿ, ಮಾವಿನ ತೋರಣ ಹಾಕಿ ಸಭೆ ಮಾಡಿದರು. ಮಾವನವರು ಅತ್ತು ಅತ್ತು ಭಾಷಣ ಮಾಡಿದರು. ನಮ್ಮೂರು ಸಂಸ್ಥಾನದ್ದಾಗಿತ್ತು, ಮುಂಬಯಿಯದಾಗಿತ್ತು, ಇಂದು ನಮ್ಮದಾಯಿತು ಎಂದರು. ಆ ಮಾತಿಗೆ ನನಗೂ ಕಣ್ಣು ತುಂಬಿ ಬಂದವು. ಅದರ ಬೆನ್ನಿಗೇ ಸಂಡಾಸಿನ ವಿಷಯ ಎತ್ತಿದರು, ನನ್ನ ಗಂಡ ಅವರ ಧೋತರದ ಚುಂಗು ಹಿಡಿದು ಕೂಡಿಸಬೇಕಾಯಿತು.

ಇದಾಗಿ ಕೆಲವು ದಿನಗಳ ಮೇಲೆ ನನಗೊಂದು ಸಂಗತಿ ತಿಳಿಯಿತು. ನಸುಕಿನಲ್ಲಿ ಭವನದ ಹಿಂದೆ ಎಲ್ಲರೂ ಸಿಗುತ್ತಿದ್ದರು, ತಗಡಿನ ಬಾಗಿಲಾಚೆಯಿಂದ ಒಬ್ಬರಿಗೊಬ್ಬರು ಕೂಗಿ ಸುದ್ದಿ ಹೇಳುತ್ತಿದ್ದರು, ಅತ್ತೆಯ ದನಿ ಮಾತ್ರ ಕೇಳುತ್ತಿರಲಿಲ್ಲ. ಒಂದು ಮುಂಜಾನೆ ನೋಡುತ್ತೇನೆ, ಅತ್ತೆ ಸೆರಗಿನೊಳಗೆ ಚರಿಗೆ ಮುಚ್ಚಿಕೊಂಡು ಹತ್ತಿ ಹೊಲದ ಕಡೆಯಿಂದ ಒಬ್ಬರೇ ಬರುತ್ತಿದ್ದಾರೆ. ನನ್ನನ್ನು ನೋಡಿ ಕಳ್ಳರಂತೆ ನಿಂತರು.

"ಅತ್ತಿ, ಅಷ್ಟೆಲ್ಲಾ ಜಗಳಾ ಮಾಡಿ ಕಟ್ಟಿಸಿದ್ರಿ, ಮತ್ತ ಇದೇನ್ರಿ?"

ಅತ್ತೆ ಸುತ್ತ ನೋಡಿ, ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ಯಾರ ಮುಂದೂ ಅನಬ್ಯಾಡ ನಮ್ಮವ್ವ. ನಿಮ್ಮ ಮಾವಗಂತೂ ಹೇಳಲೇಬ್ಯಾಡ. ಚಿಲಕಾ ಹಾಕ್ಕೊಂಡು ಒಳಗ ಕುಂತೆ ಅಂದ್ರ ನನಗ ಬರೂದ ಇಲ್ಲ."

ಇಬ್ಬರೂ ನಡುರಸ್ತೆಯಲ್ಲಿ ನಿಂತು ನಕ್ಕೆವು. ಮರುದಿನದಿಂದ ನಾನೂ ಆಗಾಗ ಅವರ ಜೊತೆ ಹೊಲದ ಕಡೆ ಹೋಗತೊಡಗಿದೆ. ಮನೆಯಲ್ಲಿ ಕೇಳಿದರೆ ಹತ್ತಿ ಹೇಗೆ ಬಂದಿದೆ ನೋಡಲು ಹೋಗಿದ್ದೆವು ಎನ್ನುತ್ತಿದ್ದೆವು. ಮಾವನವರು ಕುತೂಹಲದಿಂದ ಹತ್ತಿಯ ಬಗ್ಗೆ ವಿಚಾರಿಸುತ್ತಿದ್ದರು, ಅತ್ತೆ ವಿವರವಾಗಿ ಹೇಳುತ್ತಿದ್ದರು.